ಚಾಪೆ ಕೇಳಿಸುವ ಫೋನು

ಹಳೆಯ ತಂತಿ ಫೋನನ್ನು ತಿಂಗಳ ಕೊನೆಗೆ ನಿಲ್ಲಿಸಲಾಗುವುದು ಎಂಬ ಕಾಗದ ಬಂದಾಗ ನಾವು ಊಟಕ್ಕೆ ಕೂತಿದ್ದೆವು. ಬೇಯಿಸಿದ ದೀವಿಹಲಸು, ಡಬ್ಬಿ ಮೀನು, ತೆಂಗಿನ ಹಾಲಲ್ಲಿ ಬೆಂದ ನಿನ್ನೆಯ ಕೆಸುವಿನೆಲೆ. ನನ್ನ ಗಂಡ ತವಿತಾ ಕಾಗದವನ್ನು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಗಟ್ಟಿಯಾಗಿ ಓದಿ, ಮಡಿಸಿ ತಟ್ಟೆಯ ಕೆಳಗಿಟ್ಟ.

"ಒಳ್ಳೇದೇ ಆಯ್ತು ಬಿಡು," ಅಂದ. "ಇನ್ನು ಇಂಟರ್‌ನೆಟ್ ಫೋನ್ ಹಾಕಿಸೋಣ."

ಅವನ ತಾಯಿ ಫುವಾತಿನೊ. ಊರವರೂ ಮನೆಯವರೂ ಅವರನ್ನು ತಿನಾ ಎಂದೇ ಕರೆಯುವುದು, ಅಮ್ಮ ಎಂದ ಹಾಗೆ. ಅವರು ದೀವಿಹಲಸಿನ ತುಂಡನ್ನು ಮೀನಿನ ರಸಕ್ಕೆ ಅದ್ದುತ್ತಿದ್ದ ಕೈ ನಿಲ್ಲಿಸಲಿಲ್ಲ. ಆದರೆ ಆ ತುಂಡು ಬಾಯಿಗೆ ಹೋಗಲು ಬಹಳ ಹೊತ್ತು ಹಿಡಿಯಿತು.

ನಮ್ಮದು ಹೊಲಿಗೆ ಅಂಗಡಿ. ನಮ್ಮ ದ್ವೀಪದ ಅಪಿಯಾ ಪೇಟೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ರಸ್ತೆ ಬದಿಗೆ ತಗಡಿನ ಸೂರು, ಮೂರು ಯಂತ್ರ, ನಾನು, ನನ್ನ ಜೊತೆ ಇಬ್ಬರು ಹೆಂಗಸರು. ಹೊಲಿಯುವುದು ಪುಲೆತಾಸಿ: ಮೇಲೆ ಉದ್ದನೆಯ ಅಂಗಿ, ಕೆಳಗೆ ಸುತ್ತುವ ಲಂಗ. ಮದುವೆಯಾಗಲಿ, ಚರ್ಚಿನ ಹಬ್ಬವಾಗಲಿ, ಸಾವಾಗಲಿ, ಒಂದು ಮನೆಯ ಹೆಂಗಸರೆಲ್ಲ ಒಂದೇ ಬಟ್ಟೆಯಲ್ಲಿ ನಿಲ್ಲಬೇಕು. ಆ ಮನೆಗಳಲ್ಲಿ ಅರ್ಧ ಈಗ ಸಮುದ್ರದಾಚೆ ಆಕ್ಲೆಂಡಿನಲ್ಲಿವೆ. ಅವರು ಅಲ್ಲಿಂದ ಫೋನು ಮಾಡುತ್ತಾರೆ, ನಾವು ಇಲ್ಲಿಂದ ವಿಮಾನಕ್ಕೆ ಹಾಕುತ್ತೇವೆ.

ಫೋನು ಮಾತ್ರ ಅಂಗಡಿಯಲ್ಲಿರಲಿಲ್ಲ. ನಲವತ್ತು ಹೆಜ್ಜೆ ಹಿಂದೆ, ಗೋಡೆಯಿಲ್ಲದ ನಮ್ಮ ಮನೆಯಲ್ಲಿ, ಸಮುದ್ರದ ಕಡೆಯ ಕಂಬದ ಬುಡದಲ್ಲಿತ್ತು. ಅದರ ಪಕ್ಕ ತಿನಾ ಅವರ ಚಾಪೆ. ಮೂವತ್ತೊಂದು ವರ್ಷ ಅವರು ಅಲ್ಲೇ ಕಾಲು ಮಡಿಸಿ ಕೂತು ಆರ್ಡರು ತೆಗೆದುಕೊಂಡಿದ್ದಾರೆ. ಕಾಗದ ಇಲ್ಲ, ಪೆನ್ಸಿಲು ಇಲ್ಲ. ನೀನು ಯಾರ ಮಗಳು, ನಿಮ್ಮ ದೊಡ್ಡಮ್ಮನ ಮೈಕಟ್ಟೋ ಅಪ್ಪನ ಕಡೆಯದೋ, ಗಂಡನ ಪಕ್ಕ ನಿಂತರೆ ನಿನ್ನ ತಲೆ ಅವನ ಅಂಗಿಯ ಎಷ್ಟನೇ ಗುಂಡಿಗೆ ಬರುತ್ತದೆ, ಹೀಗೆ ನಾಲ್ಕು ಮಾತು ಕೇಳುತ್ತಾರೆ. ಆಮೇಲೆ ಅಂಗಡಿಗೆ ಬಂದು ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು ಎಂದು ನನಗೆ ಹೇಳುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ನಂಬಿರಲಿಲ್ಲ. ಊರಿಗೆ ಬಂದಿದ್ದ ಗಿರಾಕಿಯೊಬ್ಬಳಿಗೆ ಗುಟ್ಟಾಗಿ ಟೇಪು ಹಿಡಿದು ನೋಡಿದ್ದೆ. ಅರ್ಧ ಅಂಗುಲ ವ್ಯತ್ಯಾಸ ಬಂತು. ಬಟ್ಟೆ ತೊಡಿಸಿದಾಗ ತಪ್ಪಿದ್ದು ನನ್ನ ಟೇಪು ಎಂದು ಗೊತ್ತಾಯಿತು.

ಶನಿವಾರ ತವಿತಾನೂ ಮಗಳು ಸುಲಿಯಾಳೂ ಪೇಟೆಗೆ ಹೋಗಿ ಎರಡು ಪೆಟ್ಟಿಗೆ ಹಿಡಿದು ಬಂದರು. ತವಿತಾ ಬಂದರಿನ ಗೋದಾಮಿನಲ್ಲಿ ಕೆಲಸ ಮಾಡುವವನು, ಪೆಟ್ಟಿಗೆ ಇಳಿಸುವುದರಲ್ಲೇ ಅವನಿಗೊಂದು ಗತ್ತು. ಪೇಟೆಯ ಫೋನಂಗಡಿಯ ಫಿಲಿಪೊ ಎರಡನ್ನೂ ತಿಂಗಳ ಮಟ್ಟಿಗೆ ನೋಡಲು ಕೊಟ್ಟಿದ್ದ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂತಿರುಗಿಸಬೇಕು. ಒಂದು ದೊಡ್ಡದು, ಮುಖವೆಲ್ಲ ಗಾಜು, ಬೆರಳಿಟ್ಟರೆ ಬಣ್ಣ ಬಣ್ಣದ ಚಿತ್ರ. ಇನ್ನೊಂದು ಕಪ್ಪಗೆ, ಗಿಡ್ಡಗೆ, ಹಲ್ಲಿನ ಸಾಲಿನಂತೆ ಗುಂಡಿಗಳಿದ್ದದ್ದು. ಎರಡರಲ್ಲಿ ಯಾವುದಕ್ಕಾದರೂ ಆಕ್ಲೆಂಡಿನದೇ ನಂಬರು ಸಿಗುತ್ತದಂತೆ. ಅಲ್ಲಿಯವರಿಗೆ ಪಕ್ಕದ ಬೀದಿಗೆ ಮಾಡಿದಷ್ಟೇ ಖರ್ಚು; ಗಂಟೆ ಮಾತ್ರ ಇಲ್ಲಿ ಬಾರಿಸುತ್ತದೆ.

"ಆಕ್ಲೆಂಡಿನ ನಂಬರು ನಮ್ಮ ಊರಲ್ಲಿ ಹ್ಯಾಗಿರತ್ತೆ?" ಎಂದು ನಾನು ಕೇಳಿದೆ.

"ನಂಬರು ಎಲ್ಲೂ ಇರಲ್ಲಮ್ಮ," ಅಂದಳು ಸುಲಿಯಾ. "ನಾವು ಎಲ್ಲಿ ಇಟ್ಕೊಂಡ್ರೆ ಅಲ್ಲಿರತ್ತೆ."

ಎರಡು ಸಾವಿರ ಮೈಲಿಯ ನೀರನ್ನು ಹುಡುಗಿ ಒಂದು ಮಾತಿನಲ್ಲಿ ದಾಟಿಬಿಟ್ಟಳು.

ಜಗಳ ಶುರುವಾದದ್ದು ಯಾವ ಫೋನು ಎಂಬುದಕ್ಕಿಂತ ಎಲ್ಲಿ ಇಡಬೇಕು ಎಂಬುದಕ್ಕೆ. ಇದು ಮೇಜಿನ ಮೇಲಿಡುವ ಫೋನು, ಮೇಜಿರುವುದು ಅಂಗಡಿಯಲ್ಲಿ, ಇಂಟರ್‌ನೆಟ್ ಬಂದಿರುವುದೂ ಅಂಗಡಿಗೆ ಎಂದು ತವಿತಾ. ಸುಲಿಯಾ ಪೇಟೆಯ ಹೋಟೆಲೊಂದರ ಸ್ವಾಗತದ ಮೇಜಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯಂತೆ ಫೋನೇ ಮೊದಲು ಮಾತಾಡಲಿ, ಹೊಸ ಆರ್ಡರಿಗೆ ಒಂದು ಒತ್ತಿ, ತಯಾರಾದ ಬಟ್ಟೆಗೆ ಎರಡು ಒತ್ತಿ ಎನ್ನಲಿ, ಆಮೇಲೆ ಗಂಟೆ ಬಾರಿಸಲಿ ಎಂಬುದು ಅವಳ ವಾದ; ತವಿತಾ ಅದಕ್ಕೂ ಹೂಂ ಅಂದ. ನಾನು ಚಿಕ್ಕದು ಸಾಕು ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಅಮ್ಮನಿಗೆ ಎಪ್ಪತ್ತಾರು," ಅಂದ ತವಿತಾ. "ಸಾಕು, ಇನ್ನಾದ್ರೂ ಆರಾಮಾಗಿರಲಿ."

ತಿನಾ ಚಾಪೆ ನೇಯಲು ಕೇದಗೆ ಎಲೆ ಸೀಳುತ್ತಿದ್ದರು. ತಲೆ ಎತ್ತದೆ, "ಆರಾಮಾಗಿರು ಅಂತ ನಮ್ಮಪ್ಪನಿಗೂ ಹೇಳಿದ್ರು," ಅಂದರು. "ಮೂರು ತಿಂಗಳಿಗೆ ಹೋದ."

"ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?"

"ಏನಿಲ್ಲ. ನೆನಪಾಯ್ತು, ಹೇಳ್ದೆ."

ಆದರೂ ಗಾಜಿನ ಫೋನು ಅಂಗಡಿಗೆ ಹೋಯಿತು. ಒಮ್ಮೆ ತಿನಾ ಅದನ್ನು ಮುಟ್ಟಿ ನೋಡಿದರು. ಅರವತ್ತು ವರ್ಷ ಸೂಜಿ ಹಿಡಿದು ಜಡ್ಡುಗಟ್ಟಿದ ಬೆರಳನ್ನು ಆ ಗಾಜು ಗುರುತಿಸಲೇ ಇಲ್ಲ. ಗುಂಡಿಯ ಫೋನು ಪೆಟ್ಟಿಗೆಯೊಳಗೇ ಉಳಿದು, ತಿನಾ ಅವರ ಹಾಸಿಗೆಯ ಬಳಿ ಚಾಪೆಗಳ ಅಟ್ಟಿಯ ಪಕ್ಕ ಸೇರಿತು. ಆ ಅಟ್ಟಿಯ ತೀರ ಅಡಿಯಲ್ಲಿ ಮನೆಯ ನಯಚಾಪೆ ಇದೆ, ಕೂದಲಿನಷ್ಟು ಸಣ್ಣ ಎಳೆಯದು, ಅಂಚಿಗೆ ಕೆಂಪು ಗರಿ. ನಾನು ಅದು ಹೊರಬಂದದ್ದನ್ನು ನೋಡಿದ್ದು ಒಂದೇ ಸಲ. ನನ್ನ ಭಾವನ ಲಾರಿ ಪಕ್ಕದ ಹಳ್ಳಿಯ ಒಬ್ಬ ಮನುಷ್ಯನ ಕಾಲ ಮೇಲೆ ಹರಿದಿತ್ತು. ಮರುದಿನ ಬೆಳಕು ಹರಿಯುವ ಮೊದಲು ನಮ್ಮ ಮನೆಯವರೆಲ್ಲ ಹೋಗಿ ಅವರ ಅಂಗಳದಲ್ಲಿ ತಲೆಯ ಮೇಲೆ ಆ ಚಾಪೆ ಹೊದ್ದು ಬಗ್ಗಿ ಕೂತರು. ಯಾರೂ ಮಾತಾಡಲಿಲ್ಲ, ಮಾತಾಡುವ ಹಾಗೂ ಇಲ್ಲ. ಬಿಸಿಲು ನೆತ್ತಿಗೆ ಬಂದಾಗ ಆ ಮನೆಯವರು ಇಳಿದು ಬಂದು ಚಾಪೆ ತೆಗೆದರು. ತೆಗೆದರೆ ಕ್ಷಮಿಸಿದರು ಎಂದು.

ಫೋನಿನ ಮೊದಲ ಮಾತಿಗೆ ದನಿ ಯಾರದು ಎಂಬ ಪ್ರಶ್ನೆ ಬಂತು. ತಿನಾ ಅವರದೇ ಇರಲಿ, ಗಿರಾಕಿಗಳಿಗೆ ಗುರುತಿನ ದನಿ ಎಂದಳು ಸುಲಿಯಾ. ತಿನಾ ಒಪ್ಪಿದರು. ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು, ಅಂಗಡಿಯ ನೆಲದ ಮೇಲೆ ಚಾಪೆ ಹಾಕಿಸಿಕೊಂಡು ಕೂತರು. ನಿಮ್ಮ ಮನೆತನಕ್ಕೆ ನಮಸ್ಕಾರ, ನಿಮ್ಮ ಹಿರಿಯರಿಗೆ ನಮಸ್ಕಾರ, ನಮ್ಮ ನಡುವೆ ಸಮುದ್ರವನ್ನಿಟ್ಟರೂ ದನಿಯನ್ನು ಬಿಟ್ಟುಕೊಟ್ಟ ದೇವರಿಗೆ ನಮಸ್ಕಾರ ಎಂದು ಶುರು ಮಾಡಿ, ಕೊನೆಗೆ, ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ ಎಂದು ಕೇಳಿದರು.

"ತಿನಾ, ಆ ಕೊನೇದು ಬೇಡ," ಅಂದಳು ಸುಲಿಯಾ. "ಅದು ಮಿಷನ್ನು. ಉತ್ತರ ಯಾರಿಗೆ ಬೇಕು?"

"ಹೇಗಿದ್ದೀರಿ ಅಂತ ಕೇಳ್ದೆ, ಒಂದು ಒತ್ತು, ಎರಡು ಒತ್ತು ಅಂತ ಜನಕ್ಕೆ ಹೇಳಕ್ಕಾಗತ್ತೇನೇ? ದನಕ್ಕಾದ್ರೂ ಹೋಯ್ ಅಂತೀವಿ."

ಅದು ಹಾಗೇ ಉಳಿಯಿತು. ಅದರ ಬೆನ್ನಿಗೆ ಸುಲಿಯಾಳ ಚುರುಕು ದನಿ, ಒಂದು ಒತ್ತಿ, ಎರಡು ಒತ್ತಿ. ತವಿತಾನ ಅಕ್ಕ ಸಲೋಮೆ ಆಕ್ಲೆಂಡಿನಲ್ಲಿದ್ದಾಳೆ. ಹೊಸ ನಂಬರನ್ನು ಅವಳು ಅಲ್ಲಿಯ ಚರ್ಚಿನಲ್ಲಿ ಎಲ್ಲರಿಗೂ ಹಂಚಿದಳು. ತಿಂಗಳು ಮುಗಿದ ದಿನ ಹಳೆಯ ಫೋನು ಸತ್ತಿತು. ತಿನಾ ಅದರ ಧೂಳು ಒರೆಸಿ, ವೈರು ಸುತ್ತಿ, ಕಂಬದ ಬುಡದಲ್ಲೇ ಬಿಟ್ಟರು.

ಹೊಸ ಫೋನು ಗಂಟೆ ಬಾರಿಸಲೇ ಇಲ್ಲ.

ಮೊದಲ ವಾರ, ಜನಕ್ಕೆ ನಂಬರು ತಲುಪಿಲ್ಲ ಎಂದುಕೊಂಡೆವು. ಎರಡನೆಯ ವಾರ ಜೊತೆಯ ಇಬ್ಬರು ಹೆಂಗಸರಿಗೆ ಕೆಲಸವಿರಲಿಲ್ಲ; ಚೂರು ಬಟ್ಟೆಯಲ್ಲಿ ದಿಂಬಿನ ಚೀಲ ಹೊಲಿಸಿದೆ. ಫೋನಿನ ಮೂಲೆಯಲ್ಲಿ ಒಂದು ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಕರೆಂಟಿನ ದೀಪವಿರಬೇಕು ಎಂದುಕೊಂಡು, ಸೂಜಿ ಪೋಣಿಸುವಾಗ ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಒಂದು ತುಂಡು ಬಟ್ಟೆ ಹಾಕಿದೆ. ಅದನ್ನು ಹಾಕಿದ ಕೈ ಇದೇ.

ಊಟದ ಹೊತ್ತಿಗೆ ಮಾತು ಬಿರುಸಾಗತೊಡಗಿತು. ದರ ಜಾಸ್ತಿಯಾಯಿತು, ಆಕ್ಲೆಂಡಿನಲ್ಲೇ ಹೊಲಿಗೆಯವರು ಹುಟ್ಟಿಕೊಂಡಿದ್ದಾರೆ ಎಂದು ತವಿತಾ. ಗಾಜಿನ ಫೋನಿನ ಕಾಲ್ಗುಣ ಎಂದು ನಾನು. ನಮ್ಮ ಹೋಟೆಲಲ್ಲಿ ಇದೇ ಫೋನು ದಿನಕ್ಕೆ ಇನ್ನೂರು ಸಲ ಗಂಟೆ ಬಾರಿಸುತ್ತದೆ ಎಂದು ಸುಲಿಯಾ. ತಿನಾ ಒಂದೇ ಸಲ ಬಾಯಿ ಬಿಟ್ಟರು.

"ಲೋತುಗೆ ಹುಷಾರಿಲ್ಲ ಅಂತ ಕೇಳಿದ್ದೆ. ಈ ಹೊತ್ತಿಗೆ ಅವಳ ಮಗಳು ರೂತಾ ಫೋನ್ ಮಾಡ್ಬೇಕಿತ್ತು."

ಲೋತು ತಿನಾ ಅವರ ಬಾಲ್ಯದ ಗೆಳತಿ. ಮದುವೆಯ ಉಡುಗೆಯಿಂದ ಹಿಡಿದು ಅವಳ ಮೈಮೇಲಿನ ಒಳ್ಳೆಯ ಬಟ್ಟೆಯೆಲ್ಲ ತಿನಾ ಹೊಲಿದದ್ದು. ಮಗಳ ಜೊತೆ ಆಕ್ಲೆಂಡಿಗೆ ಹೋಗಿ ಹನ್ನೆರಡು ವರ್ಷ.

ಮಂಗಳವಾರ ಸಂಜೆ, ಪ್ರಾರ್ಥನೆ ಮುಗಿದು ಕೊಕೊ ಬಗ್ಗಿಸುತ್ತಿದ್ದಾಗ, ತವಿತಾನ ಮೊಬೈಲಿಗೆ ಸಲೋಮೆ ಫೋನು ಮಾಡಿದಳು. ನಮಸ್ಕಾರವಿಲ್ಲ, ಏನಿಲ್ಲ. ಅವಳ ದನಿ ಮನೆಯ ಎಲ್ಲ ಕಂಬಗಳಿಗೂ ಕೇಳಿಸುತ್ತಿತ್ತು.

"ಏನೋ ಬಂದಿದೆ ನಿಮಗೆಲ್ಲ? ಇಡೀ ಚರ್ಚು ಆಡ್ಕೊಳ್ತಿದೆ. ಫುವಾತಿನೊ ಹೇಗಿದ್ದೀರಿ ಅಂತ ಕೇಳ್ತಾಳೆ, ನಾವು ಹೇಳ್ತೀವಿ, ಅವಳು ಪುನಃ ತುಟಿ ಬಿಚ್ಚಲ್ಲ ಅಂತ. ಅಷ್ಟು ಸೊಕ್ಕು ಬಂತಾ ಅಂತ."

ತವಿತಾ ಮೊಬೈಲು ಕೆಳಗಿಟ್ಟ. ನಾವೆಲ್ಲ ಎದ್ದು ಅಂಗಡಿಗೆ ನಡೆದೆವು. ಸುಲಿಯಾ ನಾನು ಹಾಕಿದ ತುಂಡು ಬಟ್ಟೆ ಎತ್ತಿ, ಕೆಂಪು ದೀಪ ನೋಡಿ, "ದೇವರೇ" ಎಂದಳು. ಗಾಜಿನ ಮೇಲೆ ಮೂವತ್ತನಾಲ್ಕು ಎಂದು ಬರೆದಿತ್ತು. ಮೂವತ್ತನಾಲ್ಕು ಜನ ಮಾತಾಡಿಟ್ಟು ಹೋಗಿದ್ದರು.

ನಡೆದದ್ದು ಇಷ್ಟೇ. ಹೇಗಿದ್ದೀರಿ ಎಂದು ತಿನಾ ಕೇಳಿದ ಕೂಡಲೇ ಎಲ್ಲರೂ ಉತ್ತರ ಕೊಡಲು ಶುರು ಮಾಡಿದ್ದರು. ಒಂದು ಒತ್ತಿ ಎಂದು ಸುಲಿಯಾ ಹೇಳುವಾಗ ಅವರು ತಾವೇ ಮಾತಾಡುತ್ತಿದ್ದರು. ಯಾರೂ ಏನೂ ಒತ್ತದೆ ಇದ್ದುದರಿಂದ ಗಂಟೆ ಬಾರಿಸಲಿಲ್ಲ. ಫೋನು ಅವರ ಮಾತನ್ನು ತನ್ನೊಳಗೆ ಇಟ್ಟುಕೊಂಡು, ಎರಡು ನಿಮಿಷವಾದ ಮೇಲೆ ಕರೆಯನ್ನು ಕಡಿದುಹಾಕುತ್ತಿತ್ತು.

ನಾವು ನೆಲದ ಮೇಲೆ ಕೂತು ಒಂದೊಂದನ್ನೇ ಕೇಳಿದೆವು. ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ, ಅಷ್ಟು ನಿಚ್ಚಳ. ಹಳೆಯ ಫೋನಿನಲ್ಲಿ ಆಕ್ಲೆಂಡ್ ಎಂದರೆ ಕಡಲ ಚಿಪ್ಪಿನೊಳಗಿನ ಸದ್ದು. ಇದರಲ್ಲಿ ಅವರ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದೂ ಕೇಳಿಸುತ್ತಿತ್ತು. ಒಬ್ಬ ಮುದುಕರು ನಿಂತು ಸಭೆಯಲ್ಲಿ ಹೇಳುವಂತೆ ನಮ್ಮ ಮನೆತನದ ಬಿರುದುಗಳನ್ನೆಲ್ಲ ತಪ್ಪಿಲ್ಲದೆ ಹೇಳಿ, ತಿನಾ ಅವರ ಮರುಮಾತಿಗೆ ಕಾದಿದ್ದರು. ಕಾಯುವ ಅವರ ಉಸಿರು ಕೇಳಿಸಿತು. ಹೆಸರು ಹೇಳುವ ಮೊದಲೇ, ಮೊದಲ ಉಸಿರಿಗೇ, ತಿನಾ ಯಾರೆಂದು ಹೇಳುತ್ತಿದ್ದರು: ಇದು ಮಟಾಯೊ, ಹಲ್ಲು ಕಟ್ಟಿಸಿದ್ದಾನೆ. ಇದು ಅವನ ಎರಡನೇ ಸೊಸೆ, ಬಸುರಿ ಇರಬೇಕು. ನಾನೂ ತವಿತಾನೂ ಮುಖ ಮುಖ ನೋಡಿಕೊಂಡೆವು. ಒಂದೂ ತಪ್ಪಲಿಲ್ಲ.

ಇಪ್ಪತ್ತೇಳನೆಯದು ಬಂತು. ಉಸಿರಷ್ಟೇ ಕೇಳಿಸಿತು. ತಿನಾ ಹೆಸರು ಹೇಳಲಿಲ್ಲ, ಕೈಯನ್ನು ಬಾಯಿಗೆ ಒತ್ತಿಕೊಂಡರು.

"ತಿನಾ, ನಮ್ಮನೇಲಿ ಯಾರೂ ಚೆನ್ನಾಗಿಲ್ಲ. ಅಮ್ಮ ನಿನ್ನೆ ಹೋದ್ರು. ಕೊನೇ ಸಲ ತೊಡಿಸೋ ಬಿಳೀ ಉಡುಗೆ ಫುವಾತಿನೊನೇ ಹೊಲೀಬೇಕು, ಅಳತೆ ಅವಳಿಗೆ ಗೊತ್ತು ಅಂದಿದ್ರು. ಮುಂದಿನ ಶುಕ್ರವಾರ ಸಂಜೆ ಅವರನ್ನ ಶವಾಗಾರದಿಂದ ಮನೆಗೆ ಕರ್ಕೊಂಡು ಬರ್ತೀವಿ. ನೀವು ಹೂಂ ಅಂದ್ರೆ ಸಾಕು."

ಆಮೇಲೆ ಮಾತಿಲ್ಲ. ಹೂಂ ಎನ್ನಲಿ ಎಂದು ರೂತಾ ಕಾದ ಒಂದೂವರೆ ನಿಮಿಷವನ್ನು ಫೋನು ಹಾಗೆಹಾಗೇ ಇಟ್ಟುಕೊಂಡಿತ್ತು. ನಾವು ಅಷ್ಟನ್ನೂ ಕೇಳಿದೆವು. ಕೊನೆಗೆ, "ತಿನಾ?" ಎಂದಳು. ಕಡಿಯಿತು. ಐದು ದಿನದ ಹಿಂದಿನದು.

ತಿನಾ ಎದ್ದು ಮನೆಗೆ ಹೋದರು. ನಾವು ಹಿಂದೆ ಹೋಗುವಷ್ಟರಲ್ಲಿ ಚಾಪೆಗಳ ಅಟ್ಟಿಯನ್ನು ಒಂದೊಂದಾಗಿ ಇಳಿಸುತ್ತಿದ್ದರು.

"ಆ ಗುಂಡಿ ಫೋನು ಇಲ್ಲಿಗೆ ಹಾಕು," ಅಂದರು ಮಗನಿಗೆ. "ಗಾಜು ನನ್ನ ಮಾತು ಕೇಳಲ್ಲ."

ಎಷ್ಟು ಕಷ್ಟ, ನಾಳೆ ನೋಡೋಣ, ನನ್ನ ಮೊಬೈಲಿಂದ ಮಾಡು, ಇದ್ಯಾವುದನ್ನೂ ತವಿತಾ ಹೇಳಲಿಲ್ಲ. ಅಂಗಡಿಯಿಂದ ವೈರು ಎಳೆದು, ದೀವಿಹಲಸಿನ ಕೊಂಬೆಯ ಮೇಲೆ ಹಾಯಿಸಿ, ಹಳೆಯ ಫೋನಿದ್ದ ಕಂಬದ ಬುಡಕ್ಕೇ ತಂದ. ಸುಲಿಯಾ ಅದೇ ನಂಬರಿಗೆ ಅದನ್ನು ಜೋಡಿಸಿ, ಒಂದು ಒತ್ತಿ ಎರಡು ಒತ್ತಿ ಎಂಬುದನ್ನೆಲ್ಲ ತೆಗೆದುಹಾಕಿದಳು. ಅಷ್ಟರಲ್ಲಿ ತಿನಾ ಬೂದುಬಣ್ಣದ ಆ ನಯಚಾಪೆಯನ್ನು ಬಿಚ್ಚಿ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು.

"ಅಮ್ಮ," ಅಂದ ತವಿತಾ ಮೆಲ್ಲಗೆ. "ಅವಳಿಗೆ ಕಾಣಿಸಲ್ಲ."

"ಕಾಣಲಿ ಅಂತ ಹೊದ್ಕೊಳ್ಳೋದಲ್ಲ."

ಅವನು ವೈರು ಎಳೆದ ಕೈ ಒರೆಸಿಕೊಂಡ. ಆಮೇಲೆ, "ನಮಸ್ಕಾರ ಮಿಷನ್ನಿಗೆ ಒಪ್ಸಿದ್ದು ನಾನು," ಎಂದು, ಐವತ್ತು ವರ್ಷದ ಗಂಡಸು, ಮಂಡಿಯೂರಿ ತಾಯಿಯ ಪಕ್ಕ ಚಾಪೆಯಡಿಗೆ ನುಗ್ಗಿದ. ದೀಪಕ್ಕೆ ಬಟ್ಟೆ ಮುಚ್ಚಿದವಳು ನಾನು, ನಾನೂ ಹೋದೆ. ಸುಲಿಯಾ ಹೊರಗೆ ಕೂತು ನಂಬರನ್ನು ಒಂದೊಂದಾಗಿ ಹೇಳಿದಳು. ತಿನಾ ಕತ್ತಲಲ್ಲೇ ಗುಂಡಿಗಳನ್ನು ತಡವಿ ಒತ್ತಿ ರಿಸೀವರನ್ನು ನೆಲದ ಮೇಲಿಟ್ಟರು. ದನಿ ಹೊರಗೆ ಕೇಳುವಂತೆ ಮಾಡಿದ್ದಳು ಸುಲಿಯಾ. ಎಳೆಗಳ ಸಂದಿನಿಂದ ಜರಡಿ ಹಿಡಿದಂತೆ ಬೆಳಕು ಬೀಳುತ್ತಿತ್ತು. ಹಳೆಯ ಕೊಬ್ಬರಿ ಎಣ್ಣೆಯ ವಾಸನೆ. ನನ್ನ ಅತ್ತೆಯ ಎದೆ ಬಡಿತ ನನ್ನ ಮೊಣಕೈಗೆ ತಾಗುತ್ತಿತ್ತು.

"ಹಲೋ?" ಎಂದಳು ರೂತಾ.

ತಿನಾ ಬಾಯಿ ಬಿಡಲಿಲ್ಲ. ಹಣೆಯನ್ನು ನೆಲಕ್ಕಿಟ್ಟರು. ಚಾಪೆ ಅವರ ಬೆನ್ನ ಮೇಲೆ ಸರಿಯಿತು. ಒಣ ಎಲೆಯ ಮೇಲೆ ಗಾಳಿ ನಡೆದಷ್ಟು, ಅಷ್ಟೇ ಸದ್ದು.

"ಹಲೋ? ಯಾರು?"

ಮತ್ತೆ ಚಾಪೆ ಸರಿಯಿತು. ಆ ಕಡೆ ಜನ ಮಾತಾಡುತ್ತಿದ್ದರು, ಪಾತ್ರೆಯ ಸದ್ದಿತ್ತು. ಅವಳು ಯಾರಿಗೋ ಸುಮ್ಮನಿರಲು ಹೇಳಿದಳು. ಪಾತ್ರೆ ನಿಂತಿತು. ಈಗ ಅಲ್ಲಿಯೂ ಇಲ್ಲಿಯೂ ಆ ಸದ್ದೊಂದೇ. ಸಮುದ್ರದ ಅಡಿಯಿಂದಲೋ ಆಕಾಶದ ಮೇಲಿಂದಲೋ, ಯಾವ ದಾರಿಯಲ್ಲಿ ಹೋಯಿತೋ ನಾನರಿಯೆ, ಕೇದಗೆಯ ಎಳೆ ಎಳೆಗೆ ಉಜ್ಜುವ ಸದ್ದು ಆಕ್ಲೆಂಡಿನ ಒಂದು ಸಾವಿನ ಮನೆ ತಲುಪಿತು.

"ತಿನಾ," ಎಂದಳು ರೂತಾ. "ಅದು ಚಾಪೆನಾ?"

ಉತ್ತರ ಕೊಡುವ ಹಾಗಿಲ್ಲ. ಕೊಡಲಿಲ್ಲ. ಚಾಪೆ ಇನ್ನೊಮ್ಮೆ ಸರಿಯಿತು.

"ಪಕ್ಕದಲ್ಲಿ ಯಾರಿದ್ದೀರಿ?" ಎಂದಳು ಅವಳು.

"ನಾನು ಸುಲಿಯಾ, ಅಕ್ಕ."

"ನನ್ನ ಕೈ ಅಲ್ಲಿಗೆ ಬರಲ್ಲ ಸುಲಿಯಾ. ನನ್ನ ಬದಲು ನೀನು ತೆಗಿ."

ಸುಲಿಯಾ ಎರಡೂ ಕೈಯಿಂದ ಚಾಪೆ ಎತ್ತಿದಳು. ತಲೆ ಎತ್ತಿ ನೋಡಿದೆ. ನನ್ನ ಮಗಳ ಮುಖದಲ್ಲಿ ನಾನು ಹಿಂದೆಂದೂ ಕಾಣದ ಗಾಂಭೀರ್ಯವಿತ್ತು, ಯಾರದೋ ದೊಡ್ಡವರ ಕೈ ಅವಳ ತೋಳಿನೊಳಗೆ ಇಳಿದು ಬಂದ ಹಾಗೆ.

ಆಮೇಲೆ ತಿನಾ, ರೂತಾ ಇಬ್ಬರೂ ಅತ್ತರು, ಮಾತಾಡಿದರು. ಮನೆಯ ಇಪ್ಪತ್ತೆರಡು ಹೆಂಗಸರ ಕಪ್ಪು ಉಡುಗೆಯನ್ನು ಅಲ್ಲಿಯ ಅಂಗಡಿಗೆ ಕೊಟ್ಟಾಗಿತ್ತು, ಆ ಆರ್ಡರು ನಮಗೆ ತಪ್ಪಿತು. ಬಿಳಿಯದನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ತಿನಾ ಅಂಗಿಯ ಅಂಚಿನಿಂದ ಮುಖ ಒರೆಸಿಕೊಂಡು ಕಾಲು ಮಡಿಸಿ ಕೂತರು.

"ಅಳತೆ ನನ್ನ ಹತ್ರ ಇರೋದು ಚೆನ್ನಾಗಿದ್ದ ಲೋತುದು ಮಗಳೇ. ಕೊನೆಗೆ ಉಂಗುರ ಬೆರಳಲ್ಲಿ ನಿಲ್ತಿತ್ತಾ?"

"ಇಲ್ಲ ತಿನಾ. ದಾರ ಸುತ್ತಿದ್ವಿ."

"ಎಷ್ಟು ಸುತ್ತು?"

"ಮೂರು."

ತಿನಾ ಕಣ್ಣು ಮುಚ್ಚಿದರು. ಬೆರಳುಗಳು ಗಾಳಿಯಲ್ಲಿ ಯಾರದೋ ಹೆಗಲನ್ನು ತಡವಿದಂತೆ ಆಡಿದವು. ಆಮೇಲೆ ನನ್ನ ಕಡೆ ತಿರುಗಿ ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು ಎಂದರು.

ಬುಧವಾರ ಕತ್ತರಿಸಿ ಹೊಲಿದೆವು. ಕೊರಳಿನ ಕಸೂತಿ ತಿನಾ ಅವರದೇ ಕೈ. ಗುರುವಾರದ ವಿಮಾನಕ್ಕೆ ಹೋಯಿತು. ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂರುವಾಗ ಕಂಬದ ಬುಡದಲ್ಲಿ ಗಂಟೆ ಬಾರಿಸಿತು. ರೂತಾ. ಇಂಥ ಉಡುಗೆಯನ್ನು ಬೆನ್ನ ಹಿಂದೆ ಸೀಳಿ ಪಿನ್ನು ಹಾಕುವುದು ವಾಡಿಕೆ, ಒಂದು ಪಿನ್ನೂ ಬೇಕಾಗಲಿಲ್ಲ, ಅಮ್ಮ ತಾನೇ ತೊಟ್ಟುಕೊಂಡ ಹಾಗಿತ್ತು ಎಂದಳಂತೆ. ತಿನಾ ಇದನ್ನು ನಮಗೆ ಹೇಳಿ, ಕೆಸುವಿನೆಲೆ ಇನ್ನೊಂದು ಹಾಕಿಸಿಕೊಂಡರು.

ಸೋಮವಾರ ನಾನೇ ಗಾಜಿನ ಫೋನನ್ನು ಹಿಂದಿರುಗಿಸಲು ಪೇಟೆಗೆ ಹೋದೆ. ಫಿಲಿಪೊ ಪೆಟ್ಟಿಗೆ ತಿರುಗಿಸಿ ನೋಡಿದ. ಇದರ ಪರದೆ ಎಷ್ಟು ದೊಡ್ಡದು, ಎದುರಿನವರ ಮುಖ ಕಾಣುತ್ತದೆ, ಮೆನು ಇದೆ, ಎಲ್ಲ ಬಿಟ್ಟು ಆ ಗುಂಡಿಯದನ್ನು ಯಾಕೆ ಇಟ್ಟುಕೊಂಡಿರಿ, ಬೇರೆ ಗಿರಾಕಿಗಳಿಗೆ ಹೇಳಬೇಕಲ್ಲ ಎಂದು ಪುಸ್ತಕ ತೆರೆದು ಪೆನ್ನು ಹಿಡಿದು ಕೇಳಿದ.

"ಅದರಲ್ಲಿ ಚಾಪೆ ಕೇಳಿಸತ್ತೆ," ಎಂದೆ.

ಅವನು ನಗುತ್ತಾನೆ ಎಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟ. ಯಾವ ಚಾಪೆ ಎಂದು ಕೇಳದೆಯೇ, ಕುರ್ಚಿಯಿಂದ ಎದ್ದು, ತಲೆ ತಗ್ಗಿಸಿ ನಿಂತ.